ಹಿರಿಯರ ಕೈನಡುಕ: ವಯಸ್ಸಿನ ಲಕ್ಷಣವೇ, ರೋಗದ ಸೂಚನೆಯೇ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಹಿರಿಯರು ಮತ್ತು ಅವರ ಕುಟುಂಬದವರು ತಿಳಿದಿರಬೇಕಾದ ಸಂಗತಿಗಳು

ಕಾಫಿ ಲೋಟ ಹಿಡಿದ ಕೈ ಅದುರಿ ಕಾಫಿ ತುಳುಕುತ್ತದೆ. ಬ್ಯಾಂಕಿನ ಚೀಟಿಗೆ ಹಾಕಿದ ಸಹಿ ಹಳೆಯ ಸಹಿಗೆ ಹೊಂದುವುದಿಲ್ಲ. ಅಂಗಿಯ ಗುಂಡಿ ಹಾಕಲು ಮೊದಲಿಗಿಂತ ಎರಡರಷ್ಟು ಸಮಯ ಬೇಕಾಗುತ್ತದೆ. ಅರವತ್ತು ದಾಟಿದವರಲ್ಲಿ ಇಂತಹ ಬದಲಾವಣೆಗಳು ಕಂಡುಬಂದಾಗ ಬಹುತೇಕ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: ‘ವಯಸ್ಸಾಯಿತಲ್ಲ, ಇನ್ನೇನು!’ ಈ ಒಂದು ಮಾತಿನಿಂದಾಗಿ ಗುಣಪಡಿಸಬಹುದಾದ ಎಷ್ಟೋ ತೊಂದರೆಗಳು ವೈದ್ಯರ ಗಮನಕ್ಕೇ ಬರುವುದಿಲ್ಲ. ವಯಸ್ಸು ಹೆಚ್ಚಿದಂತೆ ಕೈನಡುಕ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚುವುದು ನಿಜ. ಆದರೆ ವಯಸ್ಸೇ ನಡುಕಕ್ಕೆ ಕಾರಣವಲ್ಲ. ಪ್ರತಿಯೊಂದು ನಡುಕದ ಹಿಂದೆಯೂ ಹುಡುಕಬಹುದಾದ ಕಾರಣವೊಂದು ಇರುತ್ತದೆ. ಕೆಲವು ಕಾರಣಗಳು ಒಂದು ಮಾತ್ರೆಯನ್ನು ನಿಲ್ಲಿಸಿದರೆ ದೂರವಾಗುವಷ್ಟು ಸರಳವಾಗಿರುತ್ತವೆ.

ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಬಹುಮಟ್ಟಿಗೆ ಕೃಷಿಯನ್ನೇ ನಂಬಿದ ಪ್ರದೇಶಗಳು. ಮಕ್ಕಳು ಉದ್ಯೋಗಕ್ಕಾಗಿ ಬೆಂಗಳೂರು, ಮೈಸೂರು ಸೇರಿ, ತಂದೆತಾಯಿಯರು ಊರಿನಲ್ಲಿಯೇ ಉಳಿದಿರುವ ಮನೆಗಳು ಇಲ್ಲಿ ಅಪರೂಪವಲ್ಲ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋದ ಮಕ್ಕಳ ಕಣ್ಣಿಗೆ ತಂದೆಯ ಕೈ ಅದುರುವುದು ಬೀಳುತ್ತದೆ. ಜೊತೆಯಲ್ಲೇ ಇರುವವರಿಗೆ ದಿನದಿನಕ್ಕೆ ಆಗುವ ಅಲ್ಪ ಬದಲಾವಣೆ ಗೊತ್ತಾಗುವುದಿಲ್ಲ. ಆದ್ದರಿಂದ ದೂರದಲ್ಲಿರುವ ಮಕ್ಕಳಿಗೂ ಈ ವಿಷಯದ ತಿಳಿವಳಿಕೆ ಅವಶ್ಯಕ.

ಗ್ರಾಮೀಣ ಭಾಗದಲ್ಲಿ ನರಸಂಬಂಧಿ ಕಾಯಿಲೆಗಳು ಕಡಿಮೆ ಎಂಬ ನಂಬಿಕೆಗೂ ಆಧಾರವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಹಾಗೂ ಸುತ್ತಲಿನ ಹಳ್ಳಿಗಳ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡು ನಡೆಸಿದ ಸಮೀಕ್ಷೆಯ ವರದಿ 2004ರಲ್ಲಿ ಪ್ರಕಟವಾಯಿತು. ನಗರಕ್ಕಿಂತ ಹಳ್ಳಿಗಳಲ್ಲಿ ನರಸಂಬಂಧಿ ತೊಂದರೆಗಳ ಪ್ರಮಾಣ ಹೆಚ್ಚುಕಡಿಮೆ ಎರಡು ಪಟ್ಟು ಇರುವುದನ್ನು ಆ ಸಮೀಕ್ಷೆ ತೋರಿಸಿಕೊಟ್ಟಿತು. ತಜ್ಞ ವೈದ್ಯರು ಮಾತ್ರ ನಗರಗಳಲ್ಲಿಯೇ ಹೆಚ್ಚು.

ನಡುಕ ಎಂದರೇನು?

ದೇಹದ ಯಾವುದಾದರೂ ಭಾಗ ನಮ್ಮ ಇಚ್ಛೆಗೆ ಒಳಪಡದೆ, ಒಂದೇ ಲಯದಲ್ಲಿ ಹಿಂದಕ್ಕೂ ಮುಂದಕ್ಕೂ ಚಲಿಸುವುದನ್ನು ನಡುಕ ಅಥವಾ ಕಂಪನ ಎನ್ನಲಾಗುತ್ತದೆ. ಆರೋಗ್ಯವಂತರ ಕೈಗಳಲ್ಲಿಯೂ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ನಡುಕ ಇದ್ದೇ ಇರುತ್ತದೆ. ದಣಿವು, ಭಯ, ನಿದ್ರೆಗೇಡು, ಹಸಿವು, ಅತಿಯಾದ ಕಾಫಿ ಅಥವಾ ಚಹಾ ಸೇವನೆಯಿಂದ ಅದು ಎದ್ದು ಕಾಣುತ್ತದೆ. ಕಾರಣ ದೂರವಾದೊಡನೆ ಅಡಗುತ್ತದೆ. ಇದಕ್ಕೆ ಚಿಕಿತ್ಸೆಯ ಅಗತ್ಯವಿಲ್ಲ.

ವಾರಗಟ್ಟಲೆ ಉಳಿಯುವ, ಕ್ರಮೇಣ ಹೆಚ್ಚುವ ಅಥವಾ ದೈನಂದಿನ ಕೆಲಸಕ್ಕೆ ಅಡ್ಡಿಯಾಗುವ ನಡುಕವನ್ನು ಮಾತ್ರ ವೈದ್ಯರಿಗೆ ತೋರಿಸಲೇಬೇಕು. ನಡುಕ ಯಾವಾಗ ಬರುತ್ತದೆ ಎಂಬುದು ವೈದ್ಯರು ಕೇಳುವ ಮೊದಲ ಪ್ರಶ್ನೆ. ಕೈ ಕೆಲಸದಲ್ಲಿರುವಾಗಲೋ, ಸುಮ್ಮನಿರುವಾಗಲೋ? ಈ ಒಂದು ಭೇದದಿಂದಲೇ ರೋಗನಿರ್ಣಯದ ಅರ್ಧ ದಾರಿ ಸವೆಯುತ್ತದೆ.

ಕೆಲಸದ ವೇಳೆ ಬರುವ ನಡುಕ

ಲೋಟ ಎತ್ತುವಾಗ, ತುತ್ತು ಬಾಯಿಗೆ ಒಯ್ಯುವಾಗ, ಬರೆಯುವಾಗ, ಸೂಜಿಗೆ ದಾರ ಪೋಣಿಸುವಾಗ ಕೈ ಅದುರಿ, ತೊಡೆಯ ಮೇಲೆ ಇಟ್ಟೊಡನೆ ನಿಲ್ಲುವುದಾದರೆ ಅದು ಬಹುಮಟ್ಟಿಗೆ ‘ಎಸೆನ್ಷಿಯಲ್ ಟ್ರೆಮರ್’ ಎಂಬ ತೊಂದರೆಯಾಗಿರುತ್ತದೆ. ವಯಸ್ಕರಲ್ಲಿ ಕಾಣುವ ನಡುಕಗಳಲ್ಲಿ ಇದು ಅತ್ಯಂತ ಸಾಮಾನ್ಯವಾದವುಗಳಲ್ಲಿ ಒಂದು. ಪಾರ್ಕಿನ್ಸನ್ ಕಾಯಿಲೆಗಿಂತ ಹೆಚ್ಚು ಜನರಲ್ಲಿ ಕಂಡುಬರುತ್ತದೆ. ಸಾಮಾನ್ಯವಾಗಿ ಎರಡೂ ಕೈಗಳಲ್ಲಿರುತ್ತದೆ. ಕೆಲವರಲ್ಲಿ ತಲೆ ಹಾಗೂ ಧ್ವನಿಯೂ ಅದುರುತ್ತವೆ. ತಂದೆ, ಅಜ್ಜ, ದೊಡ್ಡಪ್ಪ, ಸೋದರತ್ತೆ ಹೀಗೆ ಮನೆತನದಲ್ಲಿ ಇನ್ನೊಬ್ಬರಿಗೂ ಇದ್ದ ಇತಿಹಾಸ ಅನೇಕ ಸಂದರ್ಭಗಳಲ್ಲಿ ದೊರೆಯುತ್ತದೆ.

ಇದು ಪ್ರಾಣಕ್ಕೆ ಅಪಾಯಕಾರಿಯಲ್ಲ. ಆದರೆ ನಿರ್ಲಕ್ಷಿಸುವಂತಹುದೂ ಅಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಕುಳಿತು ಉಣ್ಣಲು ಸಂಕೋಚಪಟ್ಟು ಸಮಾರಂಭಗಳನ್ನೇ ಬಿಟ್ಟುಬಿಡುವ ಹಿರಿಯರಿದ್ದಾರೆ. ನಾಲ್ಕು ಜನರ ಎದುರು ಕೈ ಇನ್ನಷ್ಟು ಅದುರುವುದರಿಂದ ಕುಡಿದಿದ್ದಾರೆ ಎಂಬ ಅಪವಾದಕ್ಕೂ ಗುರಿಯಾಗುತ್ತಾರೆ. ಅಲ್ಪ ಪ್ರಮಾಣದ ಮದ್ಯ ಈ ನಡುಕವನ್ನು ತಾತ್ಕಾಲಿಕವಾಗಿ ತಗ್ಗಿಸುತ್ತದೆಯಾದರೂ ಅದನ್ನೇ ಔಷಧವೆಂದು ಭಾವಿಸಿದವರು ಚಟಕ್ಕೆ ಬಲಿಯಾಗುವ ಅಪಾಯವಿದೆ.

ಸುಮ್ಮನಿರುವಾಗ ಬರುವ ನಡುಕ

ಜಗುಲಿಯ ಮೇಲೆ ಸುಮ್ಮನೆ ಕುಳಿತಿರುವಾಗ, ಟಿ.ವಿ. ನೋಡುತ್ತಿರುವಾಗ ಅಥವಾ ನಡೆಯುವಾಗ ಜೋತುಬಿಟ್ಟ ಕೈ ಅದುರಿ, ಏನನ್ನಾದರೂ ಹಿಡಿಯಲು ಮುಂದಾದಾಗ ತಗ್ಗುವುದಾದರೆ ಪಾರ್ಕಿನ್ಸನ್ ಕಾಯಿಲೆಯ ಸಾಧ್ಯತೆಯನ್ನು ವೈದ್ಯರು ಪರಿಶೀಲಿಸುತ್ತಾರೆ. ಹೆಬ್ಬೆರಳು ಮತ್ತು ತೋರುಬೆರಳು ಗುಳಿಗೆ ಉರುಳಿಸುತ್ತಿರುವಂತೆ ಚಲಿಸುವುದು ಇದರ ವಿಶಿಷ್ಟ ಲಕ್ಷಣ. ನಡುಕದ ವೇಗ ಸೆಕೆಂಡಿಗೆ 4ರಿಂದ 6 ಬಾರಿ. ಮೊದಲು ಒಂದೇ ಕೈಯಲ್ಲಿ ಆರಂಭವಾಗಿ, ಕೆಲವು ವರ್ಷಗಳಲ್ಲಿ ಇನ್ನೊಂದು ಕೈಗೂ ಹರಡುತ್ತದೆ.

ಈ ಕಾಯಿಲೆಯನ್ನು 1817ರಲ್ಲಿ ವಿವರವಾಗಿ ಬಣ್ಣಿಸಿದವರು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್. ಅವರ ಜನ್ಮದಿನವಾದ ಏಪ್ರಿಲ್ 11ನ್ನು ವಿಶ್ವ ಪಾರ್ಕಿನ್ಸನ್ ದಿನವನ್ನಾಗಿ ಆಚರಿಸಲಾಗುತ್ತದೆ. ಕನ್ನಡದಲ್ಲಿ ಅದುರುವಾಯು, ಆಯುರ್ವೇದದಲ್ಲಿ ಕಂಪವಾತ ಎಂಬ ಹೆಸರುಗಳು ಬಳಕೆಯಲ್ಲಿವೆ. ಮಧ್ಯಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಉತ್ಪಾದಿಸುವ ನರಕೋಶಗಳು ನಶಿಸುವುದರಿಂದ ಚಲನೆಯ ಮೇಲಿನ ಹತೋಟಿ ತಪ್ಪುವುದು ಇದರ ಮೂಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಾದ್ಯಂತ 85 ಲಕ್ಷಕ್ಕೂ ಹೆಚ್ಚು ಜನ ಈ ಕಾಯಿಲೆಯೊಂದಿಗೆ ಬದುಕುತ್ತಿದ್ದರು. ಕಳೆದ 25 ವರ್ಷಗಳಲ್ಲಿ ಪ್ರಮಾಣ ಇಮ್ಮಡಿಯಾಗಿದೆ.

ಪಾರ್ಕಿನ್ಸನ್ ಎಂದರೆ ಕೇವಲ ನಡುಕವಲ್ಲ. ಚಲನೆ ನಿಧಾನವಾಗುವುದೇ ಇದರ ಪ್ರಧಾನ ಲಕ್ಷಣ. ಕೈಕಾಲುಗಳಲ್ಲಿ ಬಿಗಿತ, ನಡೆಯುವಾಗ ಒಂದು ಕೈ ಬೀಸದಿರುವುದು, ಪುಟ್ಟ ಹೆಜ್ಜೆಗಳ ಎಳೆದಾಡುವ ನಡಿಗೆ, ಭಾವವಿಲ್ಲದ ಮುಖ, ತಗ್ಗಿದ ಧ್ವನಿ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಚಿಕ್ಕದಾಗುವ ಕೈಬರಹ ಇವೂ ಸೇರಿರುತ್ತವೆ. ನಡುಕಕ್ಕೆ ಎಷ್ಟೋ ವರ್ಷ ಮೊದಲೇ ವಾಸನೆ ತಿಳಿಯದಿರುವುದು, ಮಲಬದ್ಧತೆ, ನಿದ್ರೆಯಲ್ಲಿ ಕೂಗಾಡುವುದು, ಕೈಕಾಲು ಬಡಿಯುವುದು ಕಾಣಿಸಿಕೊಳ್ಳಬಹುದು. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ನಡುಕವೇ ಇಲ್ಲದ ಪಾರ್ಕಿನ್ಸನ್ ಕೂಡ ಇದೆ. ಭುಜದ ಬಿಗಿತವನ್ನು ವಾಯು ಎಂದೂ, ನಿಧಾನಗತಿಯನ್ನು ಸೋಮಾರಿತನ ಎಂದೂ ತಿಳಿದು ಕಾಲ ಕಳೆಯುವುದು ಇಂಥವರ ವಿಷಯದಲ್ಲಿಯೇ.

ಮಾತ್ರೆಯೇ ಕಾರಣವಾದಾಗ

ಹಿರಿಯರ ನಡುಕಕ್ಕೆ ಕಾರಣ ಹುಡುಕುವಾಗ ಮೊದಲು ನೋಡಬೇಕಾದದ್ದು ಅವರ ಮಾತ್ರೆಯ ಡಬ್ಬಿಯನ್ನು. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಅರೆತಲೆನೋವಿಗೆ ಕೊಡುವ ಫ್ಲುನಾರಿಜಿನ್, ವಾಂತಿ ತಡೆಯುವ ಮೆಟೊಕ್ಲೊಪ್ರಮೈಡ್, ಗ್ಯಾಸ್ ಮತ್ತು ಅಜೀರ್ಣದ ಕೆಲವು ಮಾತ್ರೆಗಳಲ್ಲಿ ಸೇರಿರುವ ಲಿವೊಸಲ್ಪಿರೈಡ್, ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಮುಂತಾದವು ಡೋಪಮೈನ್ ಕಾರ್ಯಕ್ಕೆ ತಡೆಯೊಡ್ಡಿ ಪಾರ್ಕಿನ್ಸನ್ ಕಾಯಿಲೆಯನ್ನೇ ಹೋಲುವ ಸ್ಥಿತಿಯನ್ನು ಉಂಟುಮಾಡಬಲ್ಲವು. ಅಸ್ತಮಾಕ್ಕೆ ಬಳಸುವ ಸಾಲ್ಬುಟಮಾಲ್ ಹಾಗೂ ಥಿಯೊಫಿಲಿನ್, ಮೂರ್ಛೆರೋಗದ ವಾಲ್ಪ್ರೊಯೇಟ್, ಮನೋರೋಗದ ಲಿಥಿಯಂ, ಹೃದಯದ ಲಯ ಸರಿಪಡಿಸುವ ಅಮಿಯೊಡರೋನ್ ಇವುಗಳಿಂದಲೂ ಕೈ ಅದುರಬಹುದು.

ಎಂದೋ ಒಮ್ಮೆ ತಲೆಸುತ್ತಿಗೆಂದು ಬರೆದುಕೊಟ್ಟ ಮಾತ್ರೆಯ ಹಳೆಯ ಚೀಟಿಯನ್ನೇ ಔಷಧಿ ಅಂಗಡಿಗೆ ತೋರಿಸಿ ವರ್ಷಗಟ್ಟಲೆ ನುಂಗುತ್ತ ಬರುವುದು ಹಿರಿಯರಲ್ಲಿ ಸಾಮಾನ್ಯ. ಇಂತಹ ಔಷಧಜನ್ಯ ತೊಂದರೆ ಮಾತ್ರೆ ನಿಲ್ಲಿಸಿದ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಬಹಳ ಮಂದಿಯಲ್ಲಿ ಇಳಿಯುತ್ತದೆ. ಆದರೆ ಮೂರ್ಛೆರೋಗ, ಹೃದ್ರೋಗ, ಮನೋರೋಗದ ಔಷಧಗಳನ್ನು ಸ್ವಂತ ನಿರ್ಧಾರದಿಂದ ಹಠಾತ್ತನೆ ನಿಲ್ಲಿಸುವುದು ಅಪಾಯಕಾರಿ. ಬದಲಾವಣೆ ವೈದ್ಯರ ಸಲಹೆಯಂತೆಯೇ ಆಗಬೇಕು.

ಸಕ್ಕರೆ, ಥೈರಾಯ್ಡ್, ಮದ್ಯ, ಕೀಟನಾಶಕ

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ಹೊತ್ತಿಗೆ ಸರಿಯಾಗಿ ಊಟ ಮಾಡದಿದ್ದರೆ ರಕ್ತದ ಸಕ್ಕರೆ ಕುಸಿದು ಕೈ ನಡುಗುತ್ತದೆ, ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಇದು ನಿಮಿಷಗಳಲ್ಲಿ ಸರಿಪಡಿಸಬೇಕಾದ ಸ್ಥಿತಿ. ಪ್ರಜ್ಞೆಯಿದ್ದರೆ ಕೂಡಲೇ ಸಕ್ಕರೆ ನೀರು ಅಥವಾ ಬೆಲ್ಲ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಥೈರಾಯ್ಡ್ ಗ್ರಂಥಿಯ ಅತಿಸ್ರಾವದಲ್ಲಿ ಸೂಕ್ಷ್ಮ ನಡುಕದೊಂದಿಗೆ ತೂಕ ಇಳಿಯುವುದು, ಸೆಖೆ ತಾಳಲಾರದಿರುವುದು, ನಾಡಿಯ ವೇಗ ಹೆಚ್ಚುವುದು ಕಂಡುಬರುತ್ತವೆ. ಒಂದು ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಯಕೃತ್ತು ಅಥವಾ ಮೂತ್ರಪಿಂಡ ವಿಫಲಗೊಂಡವರಲ್ಲಿ ಚಾಚಿದ ಕೈ ಹಕ್ಕಿಯ ರೆಕ್ಕೆಯಂತೆ ಬಡಿದುಕೊಳ್ಳುವುದುಂಟು.

ದೀರ್ಘಕಾಲ ಮದ್ಯಪಾನ ಮಾಡಿದವರು ಹರಕೆ ಹೊತ್ತೋ, ಮಾಲೆ ಧರಿಸಿಯೋ, ಮನೆಯವರ ಒತ್ತಾಯಕ್ಕೋ ಒಮ್ಮೆಲೇ ಕುಡಿತ ಬಿಟ್ಟಾಗ ಕೆಲವೇ ಗಂಟೆಗಳಲ್ಲಿ ಕೈ ಅದುರಲಾರಂಭಿಸುತ್ತದೆ. ಬಿಡುವ ನಿರ್ಧಾರ ಶ್ಲಾಘನೀಯವಾದರೂ ಎರಡು ಮೂರು ದಿನಗಳಲ್ಲಿ ಮೂರ್ಛೆ, ಭ್ರಮೆ, ಗಲಿಬಿಲಿ ತಲೆದೋರಿ ಜೀವಕ್ಕೆ ಸಂಚಕಾರ ಬರಬಹುದು. ದಿನನಿತ್ಯ ಹೆಚ್ಚು ಕುಡಿಯುವವರು ವೈದ್ಯರ ನಿಗಾದಲ್ಲಿಯೇ ಮದ್ಯ ತ್ಯಜಿಸುವುದು ಕ್ಷೇಮ.

ಕಬ್ಬು, ಭತ್ತ, ತರಕಾರಿ ಬೆಳೆಗಳಿಗೆ ಔಷಧ ಹೊಡೆಯುವ ರೈತರ ಬಗೆಗೂ ಒಂದು ಮಾತು ಹೇಳಬೇಕು. ಆರ್ಗನೋಫಾಸ್ಫರಸ್ ಗುಂಪಿನ ಕೀಟನಾಶಕ ಚರ್ಮ ಅಥವಾ ಉಸಿರಿನ ಮೂಲಕ ದೇಹ ಸೇರಿದರೆ ಸ್ನಾಯುಗಳ ಅದುರುವಿಕೆ, ಜೊಲ್ಲು, ಬೆವರು, ವಾಂತಿ, ಕಣ್ಣು ಮಂಜಾಗುವುದು ಉಂಟಾಗುತ್ತದೆ. ಇದು ತುರ್ತು ಚಿಕಿತ್ಸೆ ಬೇಡುವ ವಿಷಪ್ರಾಶನ. ಇದಲ್ಲದೆ ಪ್ಯಾರಾಕ್ವಾಟ್‌ನಂತಹ ಕಳೆನಾಶಕಗಳ ದೀರ್ಘಕಾಲದ ಸಂಪರ್ಕಕ್ಕೂ ಪಾರ್ಕಿನ್ಸನ್ ಕಾಯಿಲೆಗೂ ನಂಟಿರುವುದನ್ನು ಹಲವು ಅಧ್ಯಯನಗಳು ಸೂಚಿಸಿವೆ. ಆದ್ದರಿಂದ ಎಷ್ಟು ವರ್ಷ, ಯಾವ ಔಷಧ ಸಿಂಪಡಿಸಲಾಗಿತ್ತು ಎಂಬುದನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಬಹುತೇಕ ನಡುಕಗಳಿಗೆ ಒಂದೆರಡು ವಾರದೊಳಗೆ ವೈದ್ಯರನ್ನು ಕಂಡರೆ ಸಾಕು. ಆದರೆ ನಡುಕ ಇದ್ದಕ್ಕಿದ್ದಂತೆ ಆರಂಭವಾದರೆ, ಅದರ ಜೊತೆಗೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಅಥವಾ ಕಾಲು ಸೋತರೆ ಪಾರ್ಶ್ವವಾಯುವನ್ನು ಶಂಕಿಸಬೇಕು. ರಕ್ತನಾಳದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾದ್ದರಿಂದ ‘ಬೆಳಗಾಗಲಿ ನೋಡೋಣ’ ಎಂದು ಕಾಯುವಂತಿಲ್ಲ. ತಲೆಗೆ ಪೆಟ್ಟು ಬಿದ್ದ ನಂತರ ಬಂದ ನಡುಕ, ಜ್ವರ ಮತ್ತು ಗಲಿಬಿಲಿಯೊಂದಿಗಿನ ನಡುಕ, ಕೀಟನಾಶಕ ಸಿಂಪಡಿಸಿದ ಬಳಿಕದ ನಡುಕ, ಕುಡಿತ ನಿಲ್ಲಿಸಿದ ಬಳಿಕದ ತೀವ್ರ ನಡುಕ ಇವು ಕೂಡ ತುರ್ತು ಸಂದರ್ಭಗಳೇ. ರಾಜ್ಯದಲ್ಲಿ 2008ರಿಂದ ಸೇವೆಯಲ್ಲಿರುವ 108 ಆಂಬುಲೆನ್ಸ್‌ಗೆ ಕರೆ ಮಾಡಬಹುದು.

ಎಲ್ಲಿ ತೋರಿಸಬೇಕು?

ಮೊದಲ ತಪಾಸಣೆಗೆ ಬೆಂಗಳೂರಿಗೆ ಓಡಬೇಕಾದ ಅಗತ್ಯವಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಕೇಂದ್ರದ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮತ್ತು ಔಷಧಗಳ ಪರಿಶೀಲನೆ ಸಾಧ್ಯ. ಇಷ್ಟರಿಂದಲೇ ಕೆಲವರ ಸಮಸ್ಯೆ ಬಗೆಹರಿಯುತ್ತದೆ. ಪ್ರಾಥಮಿಕ ಹಂತದ ವೈದ್ಯರಿಗೆ ಮಿದುಳಿನ ಕಾಯಿಲೆಗಳ ಬಗ್ಗೆ ತರಬೇತಿ ನೀಡುವ ಉದ್ದೇಶದಿಂದ ರಾಜ್ಯ ಸರ್ಕಾರ ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವನ್ನು ಆರಂಭಿಸಿದೆ.

ಮುಂದಿನ ಹಂತದಲ್ಲಿ ಎಲ್ಲಿಗೆ ಹೋಗಬೇಕೆಂಬುದು ಆಯಾ ತಾಲ್ಲೂಕಿನ ದಾರಿಯನ್ನು ಅವಲಂಬಿಸಿದೆ. ಶ್ರೀರಂಗಪಟ್ಟಣದಿಂದ ಮೈಸೂರು ಸುಮಾರು 15 ಕಿ.ಮೀ. ಮಾತ್ರ. ಅಲ್ಲಿಯ ಕೆ.ಆರ್. ಆಸ್ಪತ್ರೆ 1924ರಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದೆ. ಬೆಂಗಳೂರು-ಮೈಸೂರು ರೈಲು ಮಾರ್ಗದಲ್ಲಿಯೇ ನಿಲ್ದಾಣವಿರುವ ಪಾಂಡವಪುರದವರಿಗೆ ಮೈಸೂರು ಮತ್ತು ಮಂಡ್ಯ ಎರಡೂ ಅನುಕೂಲ. ಮಂಡ್ಯದಲ್ಲಿ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ ಇದೆ. ನಾಗಮಂಗಲ ತಾಲ್ಲೂಕಿನಲ್ಲಿಯೇ, ಬೆಳ್ಳೂರು ಬಳಿಯ ಬಿ.ಜಿ. ನಗರದಲ್ಲಿ, ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಇದೆ. ಕೆ.ಆರ್.ಪೇಟೆಯವರು ಮಂಡ್ಯ, ಮೈಸೂರು, ಬಿ.ಜಿ. ನಗರ ಅಥವಾ ಚನ್ನರಾಯಪಟ್ಟಣದ ಮೂಲಕ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಹೋಗಬಹುದು; ಅಕ್ಕಿಹೆಬ್ಬಾಳು ಭಾಗದವರಿಗೆ ಮೈಸೂರು-ಹಾಸನ ರೈಲು ಇದೆ. ನರರೋಗ ತಜ್ಞರು ಯಾವ ದಿನ ಲಭ್ಯರಿರುತ್ತಾರೆ ಎಂಬುದನ್ನು ದೂರವಾಣಿಯಲ್ಲಿ ವಿಚಾರಿಸಿಕೊಂಡು ಹೊರಟರೆ ಹಿರಿಯರಿಗೆ ವೃಥಾ ಪ್ರಯಾಣ ತಪ್ಪುತ್ತದೆ.

ರೋಗನಿರ್ಣಯ ಸಂದಿಗ್ಧವಾಗಿದ್ದರೆ ಅಥವಾ ಶಸ್ತ್ರಚಿಕಿತ್ಸೆಯ ಪ್ರಶ್ನೆ ಬಂದರೆ ನಿಮ್ಹಾನ್ಸ್‌ನಂತಹ ಉನ್ನತ ಸಂಸ್ಥೆಯ ಅಗತ್ಯ ಬೀಳುತ್ತದೆ. ಮನೆಯಿಂದ ಹೊರಡಲಾಗದ ಹಿರಿಯರಿಗೆ ಸರ್ಕಾರದ ಇ-ಸಂಜೀವಿನಿ ಮೂಲಕ ದೂರವೈದ್ಯ ಸಲಹೆ ಪಡೆಯುವ ಅವಕಾಶವೂ ಇದೆ. ಬಿ.ಪಿ.ಎಲ್. ಕುಟುಂಬಗಳಿಗೆ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ಸೌಲಭ್ಯವಿದೆ. ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆದು ಹೋಗುವುದು ಉತ್ತಮ.

ವೈದ್ಯರ ಬಳಿಗೆ ಹೋಗುವ ಮುನ್ನ

ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು, ಕಷಾಯ, ಚೂರ್ಣ, ನಾಟಿ ಔಷಧ ಸೇರಿದಂತೆ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ನಡುಕ ಯಾವಾಗ, ಯಾವ ಕೈಯಲ್ಲಿ ಆರಂಭವಾಯಿತು, ಯಾವುದರಿಂದ ಹೆಚ್ಚುತ್ತದೆ, ಮನೆತನದಲ್ಲಿ ಯಾರಿಗಿತ್ತು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ನಡುಕ ಬಂದಾಗ ಮೊಬೈಲ್‌ನಲ್ಲಿ ಒಂದೆರಡು ನಿಮಿಷದ ವಿಡಿಯೊ ತೆಗೆದಿಟ್ಟರೆ ವೈದ್ಯರಿಗೆ ಬಹಳ ನೆರವಾಗುತ್ತದೆ. ಐದಾರು ವರ್ಷದ ಹಿಂದಿನ ಕೈಬರಹವಿದ್ದರೆ ಅದನ್ನೂ ಒಯ್ಯಬಹುದು. ದಿನವೂ ಜೊತೆಗಿರುವವರೊಬ್ಬರು ಸಂಗಡ ಇರುವುದು ಅಗತ್ಯ. ನಿದ್ರೆಯಲ್ಲಿ ಕೂಗುವುದು, ನಡಿಗೆ ಬದಲಾದದ್ದು ಸ್ವತಃ ರೋಗಿಗೆ ತಿಳಿದಿರುವುದಿಲ್ಲ.

ವೈದ್ಯರು ಕೈ ಚಾಚಲು, ಬೆರಳಿನಿಂದ ಮೂಗು ಮುಟ್ಟಲು, ಬೆರಳುಗಳನ್ನು ವೇಗವಾಗಿ ಬಡಿಯಲು, ಸುರುಳಿ ಬರೆಯಲು, ನಾಲ್ಕು ಹೆಜ್ಜೆ ನಡೆದು ತಿರುಗಲು ಹೇಳುತ್ತಾರೆ. ಸರಳವಾಗಿ ಕಾಣುವ ಈ ಪರೀಕ್ಷೆಯೇ ರೋಗನಿರ್ಣಯದ ತಳಹದಿ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಮಾನ್ಯ ಎಂ.ಆರ್.ಐ. ಸ್ಕ್ಯಾನ್ ಹೆಚ್ಚಾಗಿ ಸಹಜವಾಗಿಯೇ ಇರುತ್ತದೆ. ಪಾರ್ಶ್ವವಾಯು, ಗಡ್ಡೆ ಮುಂತಾದ ಬೇರೆ ಕಾರಣಗಳನ್ನು ತಳ್ಳಿಹಾಕಲು ಮಾತ್ರ ಸ್ಕ್ಯಾನ್ ಮಾಡಿಸಲಾಗುತ್ತದೆ. ಆದ್ದರಿಂದ ವೈದ್ಯರನ್ನು ಕಾಣುವ ಮೊದಲೇ ಸಾಲ ಮಾಡಿ ಸ್ಕ್ಯಾನ್ ಮಾಡಿಸುವುದು ಬೇಡ. ‘ಸ್ಕ್ಯಾನ್ ಸರಿಯಿದೆ, ಏನೂ ಇಲ್ಲ’ ಎಂದು ನಿಶ್ಚಿಂತರಾಗುವುದೂ ಬೇಡ.

ಚಿಕಿತ್ಸೆ ಏನು?

ಎಸೆನ್ಷಿಯಲ್ ಟ್ರೆಮರ್ ಕೆಲಸಕ್ಕೆ ಅಡ್ಡಿಯಾಗದಿದ್ದರೆ ಔಷಧ ಬೇಕಾಗುವುದಿಲ್ಲ. ಅಗತ್ಯವಿದ್ದಲ್ಲಿ ಪ್ರೊಪ್ರನೊಲಾಲ್ ಅಥವಾ ಪ್ರಿಮಿಡೋನ್ ಮಾತ್ರೆಗಳನ್ನು ಕೊಡಲಾಗುತ್ತದೆ. ಅಸ್ತಮಾ ಇರುವವರಿಗೆ ಪ್ರೊಪ್ರನೊಲಾಲ್ ಸಲ್ಲದು. ಆದ್ದರಿಂದ ಪಕ್ಕದ ಮನೆಯವರಿಗೆ ಗುಣವಾಯಿತೆಂದು ಅದೇ ಮಾತ್ರೆ ನುಂಗಬಾರದು.

ಪಾರ್ಕಿನ್ಸನ್ ಕಾಯಿಲೆಯನ್ನು ಬುಡಸಹಿತ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ 1960ರ ದಶಕದಿಂದ ಬಳಕೆಗೆ ಬಂದ ಲಿವೊಡೋಪಾ ಲಕ್ಷಣಗಳನ್ನು ಗಣನೀಯವಾಗಿ ಹತೋಟಿಗೆ ತರುತ್ತದೆ. ಕಾರ್ಬಿಡೋಪಾ ಜೊತೆಗೂಡಿದ ಈ ಮಾತ್ರೆ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಬೇಗ ಆರಂಭಿಸಿದರೆ ಮುಂದೆ ಕೆಲಸ ಮಾಡುವುದಿಲ್ಲ ಎಂಬ ಭಯದಿಂದ ಮಾತ್ರೆಯನ್ನು ಮುಂದೂಡಿ ಕಷ್ಟಪಡಬೇಕಾಗಿಲ್ಲ. ಹಾಗೆಯೇ ಗುಣವಾಯಿತೆಂದು ಒಮ್ಮೆಲೇ ನಿಲ್ಲಿಸಲೂಬಾರದು. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಹಿರಿಯರಲ್ಲಿ ಮರೆವು, ಗಲಿಬಿಲಿ, ಮೂತ್ರ ಕಟ್ಟುವಿಕೆ ಉಂಟುಮಾಡಬಲ್ಲದಾದ್ದರಿಂದ ಅದರ ಬಳಕೆಯಲ್ಲಿ ಎಚ್ಚರ ಬೇಕು. ಔಷಧಕ್ಕೆ ಬಗ್ಗದ ಆಯ್ದ ರೋಗಿಗಳಿಗೆ ಮಿದುಳಿನಲ್ಲಿ ವಿದ್ಯುದಗ್ರಗಳನ್ನು ಅಳವಡಿಸುವ ಶಸ್ತ್ರಚಿಕಿತ್ಸೆ ಇದೆ. ಇದಕ್ಕೆ ತಗಲುವ ವೆಚ್ಚ ಹೆಚ್ಚು ಮತ್ತು ಎಲ್ಲರಿಗೂ ಇದು ಸೂಕ್ತವಲ್ಲ.

ಬೇಲಿಗಳಲ್ಲಿ ಬೆಳೆಯುವ, ಮುಟ್ಟಿದರೆ ತುರಿಕೆ ತರುವ ನಸುಗುನ್ನಿ ಕಾಯಿಯ ಬೀಜದಲ್ಲಿ ಲಿವೊಡೋಪಾ ಇರುವುದನ್ನು 1937ರಲ್ಲಿ ಮದ್ರಾಸಿನ ವಿಜ್ಞಾನಿಗಳು ತೋರಿಸಿದ್ದರು. ಆಯುರ್ವೇದದಲ್ಲಿ ಕಪಿಕಚ್ಛು ಎಂದು ಕರೆಯಲಾಗುವ ಇದು ನಿಷ್ಪ್ರಯೋಜಕವಲ್ಲ. ಆದರೆ ಬೀಜದಿಂದ ಬೀಜಕ್ಕೆ ಔಷಧದ ಪ್ರಮಾಣ ಬದಲಾಗುವುದರಿಂದ, ಮಾತ್ರೆಯ ಜೊತೆಗೆ ಗುಟ್ಟಾಗಿ ಚೂರ್ಣವನ್ನೂ ಸೇವಿಸಿದರೆ ವಾಂತಿ, ರಕ್ತದೊತ್ತಡ ಕುಸಿತ, ಭ್ರಮೆ, ಅನೈಚ್ಛಿಕ ಚಲನೆ ಉಂಟಾಗಬಹುದು. ಯಾವ ಪದ್ಧತಿಯ ಔಷಧವಾದರೂ ವೈದ್ಯರಿಂದ ಮುಚ್ಚಿಡಬಾರದು.

ಊಟ, ಮನೆ, ಹೊಲ

ಲಿವೊಡೋಪಾ ಮಾತ್ರೆಯನ್ನು ಊಟಕ್ಕೆ ಸುಮಾರು ಅರ್ಧ ಗಂಟೆ ಮೊದಲು ಅಥವಾ ಊಟವಾಗಿ ಒಂದು ಗಂಟೆಯ ಮೇಲೆ ತೆಗೆದುಕೊಳ್ಳುವುದು ಸೂಕ್ತ. ಹುರುಳಿಕಾಳು, ಅವರೆಕಾಳಿನ ಸಾರು, ಮೊಟ್ಟೆ, ಮಾಂಸದಂತಹ ಪ್ರೋಟೀನ್ ಆಹಾರ ಮಾತ್ರೆಯ ಹೀರುವಿಕೆಗೆ ಅಡ್ಡಿಯಾಗುತ್ತದೆ. ಕಾಳು ತಿನ್ನುವುದನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಮಾತ್ರೆಗೂ ಊಟಕ್ಕೂ ಅಂತರ ಇಡಬೇಕು ಅಷ್ಟೆ.

ಮಂಡ್ಯ ಸೀಮೆಯ ನಿತ್ಯದ ಊಟವಾದ ರಾಗಿಮುದ್ದೆಯನ್ನು ಅಗಿಯದೆ ನುಂಗುವುದು ರೂಢಿ. ಪಾರ್ಕಿನ್ಸನ್ ಕಾಯಿಲೆ ಮುಂದುವರಿದವರಲ್ಲಿ ನುಂಗುವ ಸ್ನಾಯುಗಳೂ ನಿಧಾನವಾಗುವುದರಿಂದ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುವ, ಆಹಾರ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಊಟದ ವೇಳೆ ಪದೇ ಪದೇ ಕೆಮ್ಮು ಬರುವುದು, ಧ್ವನಿ ಒದ್ದೆಯಾದಂತೆ ಕೇಳುವುದು ಇದರ ಸೂಚನೆ. ಅಂಥವರಿಗೆ ಯಾವ ಹದದ ಆಹಾರ ಸೂಕ್ತ ಎಂಬುದನ್ನು ತಜ್ಞರು ನಿರ್ಧರಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಧ್ವನಿ ಹಾಗೂ ನುಂಗುವ ತೊಂದರೆಗಳಿಗೆ ತಪಾಸಣೆ ಮತ್ತು ತರಬೇತಿ ದೊರೆಯುತ್ತದೆ.

ಅಗಲ ಬಾಯಿಯ ಲೋಟದ ಬದಲು ಹಿಡಿಯಿರುವ, ಮುಚ್ಚಳವಿರುವ ಲೋಟವನ್ನು ಅರ್ಧ ಮಾತ್ರ ತುಂಬಿ ಕೊಡುವುದು, ದಪ್ಪ ಹಿಡಿಯ ಚಮಚ ಬಳಸುವುದು, ಬಚ್ಚಲಿನಲ್ಲಿ ಹಿಡಿಕೆ ಹಾಕಿಸುವುದು, ರಾತ್ರಿ ಸಣ್ಣ ದೀಪ ಉರಿಯಬಿಡುವುದು ಸುಲಭ ಉಪಾಯಗಳು. ಕಬ್ಬು ಕಡಿಯುವ ಮಚ್ಚು, ಆಲೆಮನೆಯ ಗಾಣ ಹಾಗೂ ಕುದಿಯುವ ಕೊಪ್ಪರಿಗೆ, ನಾಲೆಯ ಏರಿ ಇವುಗಳ ಬಳಿ ನಡುಕವಿರುವ ಹಿರಿಯರನ್ನು ಒಂಟಿಯಾಗಿ ಬಿಡಬಾರದು. ಹಾಗೆಂದು ಅವರನ್ನು ಮೂಲೆಯಲ್ಲಿ ಕೂರಿಸುವುದೂ ತಪ್ಪು. ನಿತ್ಯದ ನಡಿಗೆ ಮತ್ತು ವ್ಯಾಯಾಮ ಪಾರ್ಕಿನ್ಸನ್ ಚಿಕಿತ್ಸೆಯ ಒಂದು ಅಂಗವೇ ಆಗಿದೆ.

ಸಹಿ ಮತ್ತು ಸೌಲಭ್ಯ

ಸಹಿ ಹೊಂದದ ಕಾರಣಕ್ಕೆ ಪಿಂಚಣಿ ಹಣ ತೆಗೆಯಲಾಗದೆ ಹಿಂದಿರುಗುವುದು ಹಿರಿಯರಿಗೆ ಅವಮಾನವೆನಿಸುತ್ತದೆ. ಸಹಿ ಹಾಕಲಾಗದ ವೃದ್ಧ ಹಾಗೂ ಅಶಕ್ತ ಖಾತೆದಾರರು ಹೆಬ್ಬೆಟ್ಟು ಒತ್ತಿ ಹಣ ಪಡೆಯಲು ರಿಸರ್ವ್ ಬ್ಯಾಂಕಿನ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಇಬ್ಬರು ಸಾಕ್ಷಿಗಳು ಗುರುತಿಸಬೇಕು; ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಇದಲ್ಲದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯೂ ಸೇರಿದೆ. ತೊಂದರೆ ಶೇ 40ಕ್ಕಿಂತ ಕಡಿಮೆಯಿಲ್ಲ ಎಂದು ವೈದ್ಯಕೀಯ ಮಂಡಳಿ ಪ್ರಮಾಣೀಕರಿಸಿದವರು ಕಾಯ್ದೆಯಡಿಯ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸಬಹುದು.

ಒಟ್ಟಿನಲ್ಲಿ, ಹಿರಿಯರ ಕೈನಡುಕ ಕಂಡಾಗ ಗಾಬರಿಯಾಗಬೇಕಾಗಿಲ್ಲ, ಕಡೆಗಣಿಸಲೂಬಾರದು. ಅದು ಮಾತ್ರೆಯ ಅಡ್ಡಪರಿಣಾಮವಿರಬಹುದು, ಥೈರಾಯ್ಡ್ ಇರಬಹುದು, ಮನೆತನದಿಂದ ಬಂದ ನಿರಪಾಯಕಾರಿ ನಡುಕವಿರಬಹುದು, ಪಾರ್ಕಿನ್ಸನ್ನೇ ಇರಬಹುದು. ಯಾವುದೆಂದು ತಿಳಿಯುವುದು ತಪಾಸಣೆಯಿಂದ ಮಾತ್ರ. ಪಾರ್ಕಿನ್ಸನ್ ಎಂದೇ ತಿಳಿದುಬಂದರೂ ಸರಿಯಾದ ಔಷಧ, ವ್ಯಾಯಾಮ ಮತ್ತು ಮನೆಯವರ ಸಹನೆಯಿಂದ ಅನೇಕ ವರ್ಷ ತಮ್ಮ ಕೆಲಸ ತಾವೇ ಮಾಡಿಕೊಂಡು ಬದುಕಲು ಸಾಧ್ಯವಿದೆ. ಊರಿನಲ್ಲಿರುವ ತಂದೆತಾಯಿಯರನ್ನು ಮುಂದಿನ ಬಾರಿ ಕಂಡಾಗ ಅವರ ಮಾತ್ರೆಯ ಡಬ್ಬಿಯನ್ನೊಮ್ಮೆ ತೆರೆದು ನೋಡಿ, ಹತ್ತಿರದ ಆಸ್ಪತ್ರೆಗೆ ಒಮ್ಮೆ ಕರೆದೊಯ್ಯುವುದು ಮಕ್ಕಳು ಮಾಡಬಹುದಾದ ಮೊದಲ ಕೆಲಸ.